ಚೆನ್ನಾಗಿ ಬಾರದ ಚಿತ್ರ

"ಗುರುಗಳೇ, ನನ್ನ ಕ್ಯಾಮೆರಾ ಬಿಟ್ಟು ಫುಲ್‌ಫ್ರೇಮ್ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಕೊಳ್ಳಲೇ, ಬೇಡವೇ?"

ಕೇಳಿದವನು ಸುಧೀಂದ್ರ. ಕಾಲೇಜಿನಲ್ಲಿ ಗಣಿತ ಹೇಳುವವನು. ರಜೆ ಬಂದರೆ ಕ್ಯಾಮೆರಾ ಹಿಡಿದು ಸಂತೆ, ಮಗ್ಗದ ಮನೆ, ಗರಡಿಮನೆ ಎಂದು ಸುತ್ತಿ ಜನರ ಚಿತ್ರ ತೆಗೆಯುವುದು ಅವನ ಹವ್ಯಾಸ. ಗುರುಗಳೆಂದರೆ ವಿರೂಪಾಕ್ಷಯ್ಯನವರು. ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿ ಈಗ ಮುಚ್ಚಿದವರು. ಭಾನುವಾರ ಬೆಳಿಗ್ಗೆ ಐದಾರು ಜನ ಅವರ ಪಡಸಾಲೆಗೆ ಬಂದು ಕೂರುತ್ತಿದ್ದರು. ತಾವು ತೆಗೆದದ್ದನ್ನು ತೋರಿಸುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು. ಆ ದಿನ ಬಂದವನು ಸುಧೀಂದ್ರ ಒಬ್ಬನೇ.

"ಈಗಿರುವುದಕ್ಕೆ ಏನು ಕೊರತೆ?" ಎಂದರು ಗುರುಗಳು.

"ಅದರೊಳಗೆ ಬೆಳಕು ಹಿಡಿಯುವ ಫಲಕ ಚಿಕ್ಕದು. ಬಿಸಿಲಿದ್ದರೆ ತೊಂದರೆಯಿಲ್ಲ. ಮಬ್ಬು ಬೆಳಕಿನಲ್ಲಿ ತೆಗೆದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳುಕಾಳು. ಫುಲ್‌ಫ್ರೇಮಿನಲ್ಲಿ ಆ ಫಲಕ ದೊಡ್ಡದು. ಕತ್ತಲ ಮೂಲೆಯೂ ನುಣುಪಾಗಿ ಬರುತ್ತದೆ. ಹನ್ನೊಂದು ತಿಂಗಳಿಂದ ಯೋಚಿಸುತ್ತಿದ್ದೇನೆ. ಒಂದು ದಿನ ಬೇಕೇ ಬೇಕು ಅನ್ನಿಸುತ್ತದೆ. ಮರುದಿನ ಬರೀ ಚಪಲ ಅನ್ನಿಸುತ್ತದೆ. ನೀವು ಹೇಳಿದ ಹಾಗೆ ಮಾಡುತ್ತೇನೆ."

ಗುರುಗಳು, "ಒಬ್ಬ ಕಂಪೌಂಡರ್ ಇದ್ದ. ಅವನಿಗಾದದ್ದನ್ನು ಹೇಳುತ್ತೇನೆ, ಕೇಳು" ಎಂದು ಶುರುಮಾಡಿದರು.

ಅವನು ಒಂದು ದೊಡ್ಡ ಆಸ್ಪತ್ರೆಯಲ್ಲಿ ಔಷಧ ವಿತರಿಸುವ ಕೆಲಸದಲ್ಲಿದ್ದ. ಕಂಪೌಂಡರ್ ಅನ್ನುವುದು ಹಳೆಯ ಕಾಲದ ಮಾತು, ಆದರೆ ಜನ ಅವನನ್ನು ಹಾಗೇ ಕರೆಯುತ್ತಿದ್ದರು. ಕೆಲಸದಲ್ಲಿ ಅಚ್ಚುಕಟ್ಟು. ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಕೆಲಸ ಮುಗಿದ ಮೇಲೆ ಊರ ಹೊರಗಿನ ಕೆರೆಗೆ ಹೋಗಿ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದ. ಅವನ ಒಂದು ಚಿತ್ರಕ್ಕೆ ಎಲ್ಲೋ ಬಹುಮಾನ ಬಂದಿತ್ತು. ಅಂದಿನಿಂದ ಅವನು ಚಿತ್ರವನ್ನು ಹತ್ತಿರದಿಂದ ನೋಡತೊಡಗಿದ. ರೆಕ್ಕೆಯ ಅಂಚು ಚೂಪಾಗಿ ಬಂದಿದೆಯೇ, ನೆರಳಿನಲ್ಲಿ ಕಾಳು ಎದ್ದಿದೆಯೇ ಎಂದು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದ. ನೋಡಿದಷ್ಟೂ ತನ್ನ ಕ್ಯಾಮೆರಾದ ಮೇಲೆ ಅಸಮಾಧಾನ ಬೆಳೆಯಿತು. ಫುಲ್‌ಫ್ರೇಮ್ ಕೊಳ್ಳಬೇಕೆಂದು ಎಂಟು ತಿಂಗಳು ಯೋಚಿಸಿದ. ಕೆರೆಯ ಹಕ್ಕಿಗೆ ಅಷ್ಟು ದೊಡ್ಡ ಕ್ಯಾಮೆರಾ ಏಕೆ ಎಂದು ಅವನ ಹೆಂಡತಿ ಒಮ್ಮೆ ಕೇಳಿದಳು. ಅವನಿಗೆ ಉತ್ತರ ಹೊಳೆಯಲಿಲ್ಲ. ಹಾಗಾಗಿ ತಡೆದ.

ಆಗ ಮೊಬೈಲುಗಳಲ್ಲಿ ಈಗಿನಂಥ ಕ್ಯಾಮೆರಾ ಇರಲಿಲ್ಲ. ಆಸ್ಪತ್ರೆಯಲ್ಲಿ ಕ್ಯಾಮೆರಾ ಇದ್ದವನು ಅವನೊಬ್ಬನೇ.

ಒಂದು ಶುಕ್ರವಾರ ಹೆಂಗಸರ ವಾರ್ಡಿಗೆ ಔಷಧ ಕೊಡಲು ಹೋದ. ಕೆಲಸ ಮುಗಿಸಿ ನೇರ ಕೆರೆಗೆ ಹೋಗುವುದಿತ್ತು, ಕ್ಯಾಮೆರಾ ಹೆಗಲಿಗೇ ಇತ್ತು. ಅಲ್ಲಿ ನೀಲವ್ವ ಎಂಬ ಬಾಣಂತಿ ಮಲಗಿದ್ದಳು. ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಪ್ರಜ್ಞೆ ತಪ್ಪಿಸಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದಿದ್ದರು. ಅವಳಿಗೆ ಎಚ್ಚರವಾಗುವಷ್ಟರಲ್ಲಿ ಕೂಸನ್ನು ಅಂಗಳದಾಚೆಯ ಕಟ್ಟಡಕ್ಕೆ ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಾಗಿತ್ತು. ಗಾಯ ಕೀವಾಗಿ ಅವಳಿಗೆ ಜ್ವರ ಬಿಡಲಿಲ್ಲ. ಅವಳು ಏಳುವಂತಿಲ್ಲ, ಎದ್ದರೂ ಆ ಕೋಣೆಗೆ ಹೋಗುವಂತಿಲ್ಲ. ಐದು ದಿನವಾಗಿತ್ತು. ಅವಳು ತನ್ನ ಮಗಳ ಮುಖ ನೋಡಿರಲಿಲ್ಲ. ಅವಳ ಗಂಡ ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿ ಹಮಾಲಿ. ಅವನು ಗಾಜಿನಾಚೆಯಿಂದ ನೋಡಿ ಬರುತ್ತಿದ್ದ. ಹೇಗಿದೆ ಎಂದು ಕೇಳಿದರೆ "ಸಣ್ಣದೈತಿ, ಕೆಂಪಗೈತಿ" ಅನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಅವನಿಗೆ ಹೇಳಲು ಬರುತ್ತಿರಲಿಲ್ಲ.

ನೀಲವ್ವ ಕ್ಯಾಮೆರಾ ನೋಡಿದಳು. "ಅಣ್ಣಾರ, ನನ್ನ ಕೂಸಿಂದು ಒಂದು ಫೋಟೋ ತಗದು ತೋರಸ್ತೀರೇನ್ರಿ?" ಎಂದಳು.

ಕಂಪೌಂಡರ್ ಒಪ್ಪಿದ. ಆಗಲೇ ಆಚೆಯ ಕಟ್ಟಡಕ್ಕೆ ಹೋದ. ಅಲ್ಲಿನ ಉಸ್ತುವಾರಿ ಎಸ್ತರ್ ಸಿಸ್ಟರ್ ಅವರದು. ಅವರು ಅವನಿಂದ ಕೈ ತೊಳೆಸಿ, ಮೇಲಂಗಿ ಹಾಕಿಸಿ, ಫ್ಲ್ಯಾಶ್ ಬೆಳಗಿಸಕೂಡದೆಂದು ಎಚ್ಚರಿಸಿ ಒಳಗೆ ಬಿಟ್ಟರು. ಕಿಟಕಿಗೆ ಹಸಿರು ಪರದೆ ಎಳೆದಿತ್ತು. ಒಳಗೆ ಮಬ್ಬು. ಅವನು ಗಾಜಿನ ಹತ್ತಿರ ಬಾಗಿ ಒಂದೇ ಒಂದು ಚಿತ್ರ ತೆಗೆದ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿದ.

ಚಿತ್ರದ ತುಂಬ ಕಾಳು ಎದ್ದಿತ್ತು. ಬಣ್ಣ ಹಸಿರಿಗೆ ತಿರುಗಿತ್ತು. ಕೂಸು ಕೈ ಆಡಿಸಿದ್ದರಿಂದ ಬೆರಳು ಕಲಸಿಹೋಗಿದ್ದವು. ಬಹುಮಾನ ಪಡೆದವನು ಇದನ್ನು ತನ್ನದೆಂದು ಹೇಗೆ ಕೊಡುವುದು ಎಂದು ನಾಚಿದ. ಅಲ್ಲೇ ಅಳಿಸಿದ.

ಅಳಿಸಿದ ಮೇಲೆ ಅವನಿಗೆ ಬೇಸರವಾಗಲಿಲ್ಲ, ಒಳಗೊಳಗೇ ಹಿಗ್ಗಾಯಿತು. ಎಂಟು ತಿಂಗಳು ಹುಡುಕಿದ್ದ ಕಾರಣ ಈಗ ಸಿಕ್ಕಿತ್ತು. ಈ ಕೋಣೆಯ ಬೆಳಕಿಗೆ ಫುಲ್‌ಫ್ರೇಮೇ ಬೇಕು. ಹಕ್ಕಿಗಲ್ಲ, ಒಬ್ಬ ತಾಯಿಗೆ. ಇನ್ನು ಯಾರೂ ಏಕೆ ಎಂದು ಕೇಳುವಂತಿಲ್ಲ. ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿ ಸೋಮವಾರ ಬರುವುದಾಗಿ ಹೇಳಿದ.

ಅನಂತರ ನೀಲವ್ವನ ಬಳಿಗೆ ಹೋದ. "ಚಲೋ ಬರಲಿಲ್ಲವ್ವಾ. ಸೋಮವಾರ ದೊಡ್ಡ ಕ್ಯಾಮೆರಾ ತರ್ತೀನಿ. ಕೂಸು ಕಣ್ಣ ಮುಂದ ಇದ್ದಂಗ ಕಾಣ್ತದ" ಎಂದ. ನೀಲವ್ವ ಕೈ ಮುಗಿದಳು.

ಶನಿವಾರ ಅವನು ಹೊಸ ಕ್ಯಾಮೆರಾದ ವಿವರಗಳನ್ನು ಓದಿದ. ಭಾನುವಾರ ಬೆಳಿಗ್ಗೆ ಹಳೆಯದನ್ನು ಕೊನೆಯ ಸಲವೆಂದು ಕೆರೆಗೆ ಒಯ್ದ. ಬೆಳ್ಳಕ್ಕಿಗಳ ಹಿಂಡು ಇಳಿದಿತ್ತು. ಕಾರ್ಡು ತುಂಬುವವರೆಗೂ ತೆಗೆದ.

ಅದೇ ಭಾನುವಾರ ಮಧ್ಯಾಹ್ನ ಕೂಸು ಪ್ರಾಣ ಬಿಟ್ಟಿತು. ಜ್ವರದಲ್ಲಿರುವವಳಿಗೆ ಈಗ ತೋರಿಸುವುದು ಬೇಡವೆಂದು ಮನೆಯ ಹಿರಿಯರು ಹೇಳಿದರು. ಗಂಡ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಹೊತ್ತು ಮುಳುಗುವ ಮೊದಲೇ ಮಣ್ಣು ಮಾಡಿ ಬಂದ.

ಸೋಮವಾರ ಕಂಪೌಂಡರ್ ಹುಬ್ಬಳ್ಳಿಗೆ ಹೋಗಿ ಕ್ಯಾಮೆರಾ ತಂದ. ಬಸ್ಸಿನಿಂದ ಇಳಿದವನು ಮನೆಗೂ ಹೋಗದೆ ನೇರ ಆ ಕೋಣೆಗೆ ಬಂದ. ಗಾಜಿನ ಪೆಟ್ಟಿಗೆಯಲ್ಲಿ ಬೇರೆ ಕೂಸಿತ್ತು. ಎಸ್ತರ್ ಸಿಸ್ಟರ್ ನಡೆದದ್ದನ್ನು ಹೇಳಿದರು.

ಎರಡು ದಿನ ಅವನು ಹೆಂಗಸರ ವಾರ್ಡಿಗೆ ಹೋಗಲಿಲ್ಲ. ಬೇರೆಯವರ ಕೈಯಲ್ಲಿ ಔಷಧ ಕಳಿಸಿದ. ಮೂರನೆಯ ದಿನ ನೀಲವ್ವನೇ ಹೇಳಿ ಕಳಿಸಿದಳು. ಹೋದ. ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಜ್ವರ ಇಳಿದಿತ್ತು.

"ಅಣ್ಣಾರ, ಅವತ್ತ ಚಲೋ ಬರಲಿಲ್ಲ ಅಂದ್ರಲ್ಲ, ಆ ಫೋಟೋನ ಕೊಡ್ರಿ. ನನಗ ಅದ ಸಾಕು" ಎಂದಳು.

ಅಳಿಸಿದ ಚಿತ್ರ ಕಾರ್ಡಿನಲ್ಲೇ ಎಲ್ಲೋ ಉಳಿದಿರುತ್ತದೆ, ತಿಳಿದವರು ಎತ್ತಿಕೊಡಬಲ್ಲರು ಎಂದು ಅವನು ಕೇಳಿದ್ದ. ಒಂದು ದಿನ ತಡೆಯವ್ವಾ ಎಂದು ಹೇಳಿ ಅಂಥವರನ್ನು ಹುಡುಕಿಕೊಂಡು ಹೋದ. ಅವರು ಇಡೀ ದಿನ ಪ್ರಯತ್ನಪಟ್ಟರು. ಕೂಸಿನ ಚಿತ್ರವಿದ್ದ ಜಾಗದಲ್ಲಿ ಭಾನುವಾರ ತೆಗೆದ ಬೆಳ್ಳಕ್ಕಿಗಳು ಬಂದು ಕೂತಿದ್ದವು. ಏನೂ ಸಿಗಲಿಲ್ಲ.

ಅವನು ಹಿಂದಿರುಗಿ ಬಂದು ನೀಲವ್ವನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಾಚಿಕೆಯಾಗಿ ಅಳಿಸಿದೆ ಎಂದೂ ಹೇಳಿದ. ಅವಳು ಬೈದಿದ್ದರೆ ಹಗುರಾಗುತ್ತಿದ್ದನೇನೋ. ಅವಳು ಬೈಯಲಿಲ್ಲ. ಹೀಗೆ ಕೇಳಿದಳು:

"ಹೋಗ್ಲಿ ಬಿಡ್ರಿ. ನೀವು ಹತ್ತರ ನಿಂತು ನೋಡೀರಿ. ಮಾರಿ ಹ್ಯಾಂಗಿತ್ತು, ಅದನ್ನರ ಹೇಳ್ರಿ."

ಕಂಪೌಂಡರ್ ಹೇಳಹೊರಟ. ಕಣ್ಣು ಮುಚ್ಚಿ ನೆನೆದ. ಎದ್ದ ಕಾಳು ನೆನಪಿತ್ತು. ಹಸಿರು ಬಣ್ಣ ನೆನಪಿತ್ತು. ಬೆರಳು ಕಲಸಿದ್ದು ಎಷ್ಟೆಂಬುದೂ ನೆನಪಿತ್ತು. ಮುಖ ನೆನಪಿಗೆ ಬರಲಿಲ್ಲ. ಒಂದು ಮೊಳ ದೂರದಲ್ಲಿ ನಿಂತು ಬಂದವನು, ಆ ಮುಖವನ್ನು ನೋಡಿಯೇ ಇರಲಿಲ್ಲ.

ಅಲ್ಲಿ ನಿಲ್ಲಲಾರದೆ ಅವನು ಹೊರಟ. ಅಂಗಳ ದಾಟಿ ಎಸ್ತರ್ ಸಿಸ್ಟರ್ ಬಳಿಗೆ ಹೋಗಿ, "ಸಿಸ್ಟರ್, ಒಂದು ಸಲ ಬನ್ನಿ. ನನ್ನಿಂದಾಗದು" ಎಂದ. ಅವರು ಕೆಲಸ ಬಿಟ್ಟು ಬಂದರು. ಮಂಚದ ಅಂಚಿಗೆ ಕೂತು ನೀಲವ್ವನ ಕೈ ಹಿಡಿದರು.

"ಹಣೆ ಅಗಲ ಇತ್ತವ್ವಾ, ನಿನ್ನ ಹಂಗ. ಎಡಗಿವಿ ತುದೀಗೆ ಒಂದು ಸಣ್ಣ ಮಡಿಕೆ. ಕೂದಲ ಬಹಳ. ನಾ ಹತ್ತಿ ಒದ್ದಿ ಮಾಡಿ ಒರಸೂ ಮುಂದ ತುಟಿ ಹಿಂಗ ಚೂಪ ಮಾಡತಿತ್ತು. ಒಂದು ಸಲ ನನ್ನ ಬೆರಳ ಹಿಡದಿತ್ತು, ಬಿಡಲೇ ಇಲ್ಲ" ಎಂದರು.

ನೀಲವ್ವ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ, ಕಿವಿಯ ಮಡಿಕೆಯ ಮಾತು ಇನ್ನೊಮ್ಮೆ ಹೇಳಿರೆಂದಳು. ಸಿಸ್ಟರ್ ಇನ್ನೊಮ್ಮೆ ಹೇಳಿದರು. ಆಗ ಅವಳಿಗೆ ಅಳು ಬಂತು. ಐದಾರು ದಿನದಿಂದ ಬಾರದಿದ್ದ ಅಳು. ಕಂಪೌಂಡರ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ಮುಂದೆ ಅವನು ಆ ಹೊಸ ಕ್ಯಾಮೆರಾವನ್ನು ನಾಲ್ಕು ತಿಂಗಳು ಪೆಟ್ಟಿಗೆಯಿಂದ ತೆಗೆಯಲಿಲ್ಲ. ಕೆರೆಗೂ ಹೋಗಲಿಲ್ಲ. ಒಂದು ದಿನ ಎಸ್ತರ್ ಸಿಸ್ಟರ್ ಅವನನ್ನು ಕರೆದು, ಇನ್ನೊಬ್ಬ ಬಾಣಂತಿ ಏಳಲಾರದೆ ಮಲಗಿದ್ದಾಳೆ, ಕೂಸಿನ ಫೋಟೋ ಕೇಳುತ್ತಿದ್ದಾಳೆ ಎಂದರು. ಅವನು ಆಗುವುದಿಲ್ಲ ಎಂದ. "ಆಗುವುದಿಲ್ಲ ಎಂದು ಅವಳಿಗೆ ನೀವೇ ಹೋಗಿ ಹೇಳಿ" ಎಂದರು ಸಿಸ್ಟರ್. ಅವನು ಮನೆಗೆ ಹೋಗಿ ಕ್ಯಾಮೆರಾ ತಂದ. ಮೊದಲು ಕೈ ಕಟ್ಟಿಕೊಂಡು ಕೂಸನ್ನು ನೋಡುತ್ತ ನಿಂತ. ಸಿಸ್ಟರ್ ಎರಡು ಸಲ ಬಂದು ಹೋದರೂ ನಿಂತೇ ಇದ್ದ. ಆಮೇಲೆ ತೆಗೆದ.

ಅಲ್ಲಿಂದ ಅವನು ನಿವೃತ್ತನಾಗುವವರೆಗೂ ಆ ಕೋಣೆಯ ಕೂಸುಗಳ ಚಿತ್ರ ತೆಗೆದ. ಎಷ್ಟೋ ಕೂಸುಗಳು ಬದುಕಿ ಮನೆಗೆ ಹೋದವು. ಕೆಲವು ಹೋಗಲಿಲ್ಲ. ತೆಗೆದ ಚಿತ್ರವನ್ನು ಅವನು ಮೊದಲು ತಾಯಿಗೆ ತೋರಿಸುತ್ತಿದ್ದ, ಆಮೇಲೆ ತಾನು ನೋಡುತ್ತಿದ್ದ. ನೀಲವ್ವನಿಗೆ ಎರಡು ವರ್ಷದ ಮೇಲೆ ಒಬ್ಬ ಮಗ ಹುಟ್ಟಿದ. ಹೆರಿಗೆ ಬೇರೆ ಊರಲ್ಲಾಯಿತು. ಕಂಪೌಂಡರ್ ಆ ಮಗುವನ್ನು ನೋಡಲಿಲ್ಲ. ಸುದ್ದಿ ಮಾತ್ರ ಕೇಳಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಸುಧೀಂದ್ರ ಗಣಿತ ಹೇಳುವವನು, ಕತೆಯಲ್ಲೂ ಉತ್ತರ ಹುಡುಕಿದ. "ಅಂದರೆ, ಅವನು ಆ ಕ್ಯಾಮೆರಾ ಕೊಂಡದ್ದು ತಪ್ಪಲ್ಲ?" ಎಂದ.

"ತಪ್ಪಲ್ಲ. ಆ ಕೋಣೆಯ ಬೆಳಕಿಗೆ ಅದು ಬೇಕಾಗಿತ್ತು. ಮುಂದೆ ಎಷ್ಟೋ ತಾಯಂದಿರಿಗೆ ಅದರಿಂದ ಒಳ್ಳೆಯದೇ ಆಯಿತು."

"ಹಾಗಾದರೆ ನಾನೂ ಕೊಳ್ಳಬಹುದಲ್ಲವೇ, ಗುರುಗಳೇ?"

"ಕೊಳ್ಳಬಹುದು. ಆದರೆ ಮೊದಲು, ಕಾಳು ಎದ್ದಿದೆಯೆಂದು ಇಲ್ಲಿಯತನಕ ನೀನು ಅಳಿಸಿದ ಚಿತ್ರಗಳಲ್ಲಿ ಯಾರ್ಯಾರಿದ್ದರು, ಅದನ್ನು ಹೇಳಿ ಹೋಗು."

ಸುಧೀಂದ್ರ ನೆನೆದು ನೋಡಿದ; ಸಂತೆ ನೆನಪಾಯಿತು, ಮಗ್ಗದ ಮನೆ ನೆನಪಾಯಿತು, ಮುಖ ಒಂದೂ ನೆನಪಾಗಲಿಲ್ಲ.