ಹಿಮದಡಿಯ ದಾರಿ

ಹತ್ತು ದಿನ ಬಿಡದೆ ಸುರಿದ ಹಿಮ ನಿಂತ ಬೆಳಿಗ್ಗೆ, ಎಂಟು ನಾಯಿಗಳು ಎಳೆಯುವ ಜಾರುಬಂಡಿ ಮತ್ತೆ ಹೊರಟಿತು. ಗುಡ್ಡದಾಚೆಯ ಊರಲ್ಲಿ ಒಬ್ಬಳಿಗೆ ಹೆರಿಗೆ ನೋವು ಶುರುವಾಗಿತ್ತು. ಬಂಡಿಯಲ್ಲಿ ಸೂಲಗಿತ್ತಿ ಕೂತಿದ್ದಳು. ಮುಂದಾಳು ನಾಯಿಗೆ ವಯಸ್ಸಾಗಿ ಕಣ್ಣು ಹೋಗಿದ್ದರಿಂದ, ಬಂಡಿ ಹೊಡೆಯುವವನು ಅದನ್ನು ಹಿಂದಕ್ಕೆ ಕಟ್ಟಿ, ಎಳೆಯ ನಾಯಿಯೊಂದನ್ನು ಮುಂದೆ ಕಟ್ಟಿದ್ದ.

"ಅಜ್ಜಿ, ಇನ್ನು ನೀವು ನನ್ನ ಹಿಂದೆ ಬಂದರೆ ಸಾಕು. ಗುಡ್ಡ ನನಗೆ ಚೆನ್ನಾಗಿ ಕಾಣುತ್ತಿದೆ," ಎಂದಿತು ಎಳೆಯ ನಾಯಿ.

"ಗುಡ್ಡ ಇರಲಿ ಮಗೂ. ದಾರಿ ಎಲ್ಲಿದೆ ಅಂತ ನಿನ್ನ ಕಾಲನ್ನು ಕೇಳು," ಎಂದಿತು ಮುದಿ ನಾಯಿ.

ಎಳೆಯದು ಕೇಳಲಿಲ್ಲ. ಗುಡ್ಡದತ್ತ ನೇರವಾಗಿ ಓಡಿ, ನೂರು ಮಾರು ಹೋಗುವಷ್ಟರಲ್ಲಿ ಹೊಟ್ಟೆಯವರೆಗೆ ಹೂತುಹೋಯಿತು. ಬಂಡಿ ವಾಲಿತು. ಬಂಡಿಯವನು ಬೈದುಕೊಳ್ಳುತ್ತ ಮುದಿ ನಾಯಿಯನ್ನೇ ಮುಂದೆ ಕಟ್ಟಿದ. ಅದು ಹಿಮದಲ್ಲಿ ಈಜಿದಂತೆ ಎಡಕ್ಕೆ ಸರಿಯಿತು, ಒಂದು ಕಡೆ ಕಾಲೂರಿ ನಿಂತಿತು, ಆಮೇಲೆ ಓಡತೊಡಗಿತು.

ಅದರ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟ ಎಳೆಯ ನಾಯಿಗೆ ಮೈ ಜುಮ್ಮೆಂದಿತು. ಮೆತ್ತನೆಯ ಹಿಮದಡಿ ಕಲ್ಲಿನಷ್ಟು ಗಟ್ಟಿಯಾದ ನೆಲ!

"ಅಜ್ಜಿ, ಇದನ್ನು ಯಾರು ಮಾಡಿದರು?"

"ಈ ಹೊಸ ಹಿಮ ಬೀಳುವ ಮೊದಲು ಇಲ್ಲಿ ಓಡಿದ ನಾಯಿಗಳು. ಹಳೆಯ ಹಿಮವನ್ನು ತುಳಿದು ತುಳಿದು ಗಟ್ಟಿಮಾಡಿದವು. ಅವುಗಳ ಹೆಸರು ನನಗೂ ಗೊತ್ತಿಲ್ಲ."

ದೂರದಲ್ಲಿ ಊರಿನ ಹೊಗೆ ಕಂಡಿತು. ಎಳೆಯ ನಾಯಿ ಒಮ್ಮೆ ಹಿಂದಿರುಗಿ ನೋಡಿತು. ಗಾಳಿ ಆಗಲೇ ಅದರ ಹೆಜ್ಜೆಗಳನ್ನು ಮುಚ್ಚಿಬಿಟ್ಟಿತ್ತು.

ಅದು ಮುಂದಿನ ಹೆಜ್ಜೆಯನ್ನು ಇನ್ನಷ್ಟು ಒತ್ತಿ ಇಟ್ಟಿತು.