ಸುರಂಗದ ತೂತು ಮುಚ್ಚಿದ ಹೆಗ್ಗಣ

ಮಕ್ಕಳೇ, ಒಂದು ಕೆಂಪುಕಲ್ಲಿನ ಗುಡ್ಡದಡಿ ಹಳೆಯ ಸುರಂಗವಿತ್ತು. ಗುಡ್ಡದೊಳಗಿನ ನೀರು ಕೋಟೆಗೆ ಹರಿದುಬರಲಿ ಎಂದು ಹಿಂದಿನ ಕಾಲದ ಜನ ಅದನ್ನು ಕೊರೆದಿದ್ದರು. ಕೋಟೆ ಪಾಳುಬಿತ್ತು, ಜನ ಹೋದರು. ನೀರು ಮಾತ್ರ ಸಣ್ಣಗೆ ಹರಿಯುತ್ತಲೇ ಇತ್ತು. ಸುರಂಗದ ಮೇಲ್ಭಾಗದಲ್ಲಿ ಅಷ್ಟಷ್ಟು ದೂರಕ್ಕೊಂದು ತೂತಿತ್ತು.

ಅಲ್ಲಿಗೆ ದುಂಡಪ್ಪನೆಂಬ ಹೆಗ್ಗಣ ಹೆಂಡತಿ, ಐದು ಮರಿಗಳೊಂದಿಗೆ ಬಂದು ಬಿಡಾರ ಹೂಡಿದ. ಬಿಲ ತೋಡುವುದರಲ್ಲಿ ತನ್ನಂಥವರಿಲ್ಲ ಎಂಬ ಜಂಬ ಅವನಿಗೆ.

"ಕೆಲಸ ಬರದವರು ಕೊರೆದದ್ದು ನೋಡು," ಎಂದ ಹೆಂಡತಿಗೆ. "ಛಾವಣಿ ತುಂಬ ತೂತು. ಥಂಡಿ ಗಾಳಿ."

ಮೇಲೆ ಹುಲ್ಲು ಮೇಯುತ್ತಿದ್ದ ಆಮೆಯಜ್ಜಿ ತೂತಿನಿಂದ ಇಣುಕಿದಳು. "ದುಂಡಪ್ಪಾ, ಆ ತೂತುಗಳು ಯಾಕಂದರೆ..."

"ಅಜ್ಜಿ, ನೀವು ಎಂದಾದರೂ ಒಂದು ಬಿಲ ತೋಡಿದ್ದೀರಾ?"

"ಇಲ್ಲಪ್ಪ. ನನ್ನ ಮನೆ ನನ್ನ ಬೆನ್ನ ಮೇಲೇ ಇದೆ."

"ಮತ್ತೆ ಸುಮ್ಮನಿರಿ."

ಎರಡೇ ದಿನದಲ್ಲಿ ದುಂಡಪ್ಪ ಎಲ್ಲ ತೂತುಗಳಿಗೂ ಹುಲ್ಲು, ಮಣ್ಣು ತುರುಕಿ ಮುಚ್ಚಿದ. ಒಳಗೆ ಬೆಚ್ಚಗಾಯಿತು. ಎಲ್ಲರೂ ಹೊಟ್ಟೆತುಂಬ ತಿಂದು ಮಲಗಿದರು.

ಎಚ್ಚರವಾದಾಗ ದುಂಡಪ್ಪನ ತಲೆ ಗಿರ್ರೆಂದಿತು. ಉಸಿರು ಕಟ್ಟಿತು. ಗವ್ವೆನ್ನುವ ಕತ್ತಲೆ.

"ಮರಿಗಳು ಏಳ್ತಾ ಇಲ್ಲ ಕಣ್ರೀ," ಎಂದು ಹೆಂಡತಿ ಅತ್ತಳು. ಸುರಂಗದ ಬಾಯಿ ಬಲು ದೂರ. ಕಾಲುಗಳು ಏಳಲೊಲ್ಲವು. ದುಂಡಪ್ಪ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ "ಅಜ್ಜೀ" ಎಂದು ಕೂಗಿದ.

ಮೇಲಿದ್ದ ಆಮೆಯಜ್ಜಿಗೆ ಅದು ಕೇಳಿಸಿತು. ಪೊದೆಯಲ್ಲಿ ಮಲಗಿದ್ದ ಮುಳ್ಳುಹಂದಿ ಕಂಟೆಪ್ಪನ ಕಡೆ ಓಡಿದಳು. ಓಡಿದಳು ಅಂದರೆ, ಆಮೆ ಓಡುವಷ್ಟು.

"ಕಂಟೆಪ್ಪಾ, ಬಾ, ಆ ತೂತಿಗೆ ತುರುಕಿದ ಮಣ್ಣು ಕೆದಕು, ಬೇಗ."

ಕಂಟೆಪ್ಪ ಪರಪರನೆ ಕೆದಕಿದ. ಮಣ್ಣು ಕುಸಿಯಿತು. ಹುಲ್ಲಿನ ಸಮೇತ ಅವನೂ ಕೆಳಗೆ ಬಿದ್ದ, ನೇರ ದುಂಡಪ್ಪನ ಮೇಲೆ.

ಮುಳ್ಳು ಚುಚ್ಚಿದ ದುಂಡಪ್ಪನ ಕಿರುಚಾಟಕ್ಕೋ, ಒಳನುಗ್ಗಿದ ಗಾಳಿಗೋ, ಐದೂ ಮರಿಗಳು ಸೀನುತ್ತ ಎದ್ದು ಕೂತವು.

ಆಮೆಯಜ್ಜಿ ಕುಸಿದ ಮಣ್ಣಿನ ಮೇಲೆ ನಿಧಾನವಾಗಿ ಇಳಿದುಬಂದು ದುಂಡಪ್ಪನ ಹಿಂಭಾಗದಿಂದ ಮುಳ್ಳು ಕೀಳತೊಡಗಿದಳು. "ಕೊರೆದವರು ಮಣ್ಣನ್ನು ಮೇಲೆ ಎಳೆದುಹಾಕಿದ್ದು ಈ ತೂತುಗಳಿಂದಲೇ. ಅವರಿಗೆ ಉಸಿರು ಬಂದದ್ದೂ ಇವುಗಳಿಂದಲೇ."

ದುಂಡಪ್ಪ ಹಲ್ಲು ಕಚ್ಚಿಕೊಂಡು ಗೋಡೆ ನೋಡಿದ. ಅಲ್ಲಿ ಮಸಿ ಹಿಡಿದ ಪುಟ್ಟ ಗೂಡೊಂದಿತ್ತು.

"ಅಜ್ಜಿ, ಇದು ಯಾಕೆ?" ಎಂದು ಮೆಲ್ಲಗೆ ಕೇಳಿದ.

"ಹಣತೆ ಇಡಲು. ಹಣತೆ ಮಂಕಾದರೆ ಗಾಳಿ ಸಾಲದು ಎಂದು ತಿಳಿದು ಅವರು ಹೊರಗೆ ಹೋಗುತ್ತಿದ್ದರು."

ಅಜ್ಜಿ ಹೇಳಿ ಮುಗಿಸುವವರೆಗೂ ದುಂಡಪ್ಪ ಬಾಯಿ ಹಾಕಲಿಲ್ಲ. ಆಮೇಲೆ ಕುಂಟುತ್ತ ಹೋಗಿ ಉಳಿದ ತೂತುಗಳನ್ನೆಲ್ಲ ತಾನೇ ತೆರೆದ.

ನೀತಿ: ಹಿಂದಿನವರು ಮಾಡಿದ್ದನ್ನು ಬದಲಿಸುವ ಮೊದಲು, ಹಾಗೇಕೆ ಮಾಡಿದರೆಂದು ಕೇಳಿ ತಿಳಿಯಬೇಕು.