ಮುಚ್ಚಳವಿದ್ದ ಮರದ ಕುದುರೆ

"ಸರ್, ಈ ಎರಡು ಆಪ್‌ಗಳಲ್ಲಿ ಯಾವುದನ್ನ ಆರಿಸಲಿ?"

ನರ್ಸಿಂಗ್ ಕಾಲೇಜಿನಲ್ಲಿ ಅಂಗರಚನೆ ಕಲಿಸುವ ಶಿವಲೀಲಾ, ತನಗೆ ಅದೇ ಪಾಠ ಹೇಳಿದ್ದ ಚೆನ್ನವೀರ ಮೇಷ್ಟ್ರ ಮುಂದೆ ಟ್ಯಾಬ್ ಇಟ್ಟು ಕೇಳಿದಳು. ಮಧ್ಯಾಹ್ನದ ಸಭೆಯಲ್ಲಿ ಅವಳು ಮುಂದಿನ ವರ್ಷದ ಪಾಠಕ್ಕೆ ಒಂದರ ಹೆಸರು ಹೇಳಬೇಕಿತ್ತು. ಮನಸ್ಸು ಮಾತ್ರ ಹಾಸ್ಟೆಲ್ಲಿನಲ್ಲಿ ಮುಸುಕೆಳೆದು ಮಲಗಿದ್ದ ಫೌಜಿಯಾಳ ಹತ್ತಿರ ಇತ್ತು. ತರಗತಿಗೇ ಮೊದಲಿಗಳಾದ ಆ ಹುಡುಗಿ ಹಿಂದಿನ ದಿನ ವಾರ್ಡಿನಲ್ಲಿ ಒಬ್ಬ ಅಜ್ಜಿಯ ತೋಳಿನಲ್ಲಿ ರಕ್ತನಾಳ ಸಿಗದೆ, ಸೂಜಿ ಚುಚ್ಚಿ ಚುಚ್ಚಿ, ಅಜ್ಜಿಗಿಂತ ಮೊದಲು ತಾನೇ ಅತ್ತಿದ್ದಳು. ಇನ್ನು ಈ ಓದೇ ಬೇಡವೆಂದು ಚೀಲ ಕಟ್ಟಿಟ್ಟಿದ್ದಳು. ಬಂದ ಕೂಡಲೇ ಶಿವಲೀಲಾ ಅದನ್ನೂ ಮೇಷ್ಟ್ರಿಗೆ ಹೇಳಿದ್ದಳು.

"ಮೊದಲನೆಯದು ನೋಡಿ ಸರ್. ಬೆರಳಲ್ಲಿ ಸವರಿದರೆ ಚರ್ಮ ಮಾಯ, ಇನ್ನೊಮ್ಮೆ ಸವರಿದರೆ ಮಾಂಸ ಮಾಯ. ನಾಳಗಳೆಲ್ಲ ದೀಪದ ಸರ ಹಾಕಿದ ಹಾಗೆ. ಮಕ್ಕಳು ಕಣ್ಣು ಮಿಟುಕಿಸಲ್ಲ. ಎರಡನೆಯದು ಬರೀ ಬೇಜಾರು. ಚರ್ಮದ ಮೇಲೆ ಸರಿಯಾದ ಜಾಗ ಮುಟ್ಟೋವರೆಗೆ ಒಳಗೇ ಬಿಡಲ್ಲ."

"ನಿನ್ನ ಫೌಜಿಯಾ ಯಾವುದರಲ್ಲಿ ಕಲಿತಳು?"

"ಮೊದಲನೆಯದರಲ್ಲೇ. ಒಂದು ನಾಳದ ಹೆಸರೂ ತಪ್ಪುತ್ತಿರಲಿಲ್ಲ. ಅದೇ ಅರ್ಥ ಆಗ್ತಿಲ್ಲ ಸರ್."

"ಕೇಳಬೇಕಾದವನನ್ನೇ ಕೇಳಿದೆ ಬಿಡು," ಮೇಷ್ಟ್ರು ಕುರ್ಚಿಗೆ ಒರಗಿದರು. "ನಾನು ಕ್ಲಾಸಿಗೆ ಕಾಲಿಟ್ಟರೆ ಮೂಲೆಯಲ್ಲಿ ತೂಗುಹಾಕಿದ್ದ ಅಸ್ಥಿಪಂಜರ ಬೆನ್ನು ನೆಟ್ಟಗೆ ಮಾಡಿಕೊಳ್ತಿತ್ತು. ಹಾಜರಿ ಕೂಗಿದರೆ 'ಎಸ್ ಸರ್' ಅಂತಿತ್ತು."

"ನಾನೂ ಅದೇ ಕ್ಲಾಸಲ್ಲಿದ್ದೆ ಸರ್. ನನಗೆ ಕೇಳಿಸಲೇ ಇಲ್ಲ."

"ನೀನು ತಲೆ ಬಗ್ಗಿಸಿ ಬರೀತಾ ಇದ್ದೆ. ಈಗಲಾದರೂ ತಲೆ ಎತ್ತಿ ಕೇಳು."

ಒಬ್ಬ ಕುದುರೆ ವೈದ್ಯನಿದ್ದ. ಶಿಷ್ಯರಿಗೆ ಕುದುರೆಯ ಒಳಗನ್ನು ತೋರಿಸಬೇಕು. ಬದುಕಿರುವ ಕುದುರೆಯನ್ನು ಬಿಚ್ಚಿ ತೋರಿಸುವಂತಿಲ್ಲ. ಒಬ್ಬ ಬಡಗಿಗೆ ಹೇಳಿ ಮರದ ಕುದುರೆ ಮಾಡಿಸಿದ. ಅದೆಂಥ ಕುದುರೆ! ಲಾಯದ ಕುದುರೆಗಳು ಅದರ ಪಾಲಿಗೂ ಹುಲ್ಲು ಉಳಿಸುತ್ತಿದ್ದವು. ಅದರ ಬಾಲ ಕಂಡು ನೊಣಗಳು ಊರು ಬಿಟ್ಟಿದ್ದವು. ಹೊಟ್ಟೆಗೊಂದು ಮುಚ್ಚಳ, ಎದೆಗೊಂದು ಮುಚ್ಚಳ. ಎತ್ತಿದರೆ ಒಳಗೆ ಬಣ್ಣ ಬಳಿದ ಕರುಳು, ಹೃದಯ. ಬೆಳಗಾದರೆ ಶಿಷ್ಯರು ಮುಚ್ಚಳ ಎತ್ತಿ ಕಲಿಯುತ್ತಿದ್ದರು. ಎತ್ತಿದ್ದನ್ನು ಮತ್ತೆ ಹಾಕುವವರಿಲ್ಲದೆ ಮುಚ್ಚಳಗಳು ಕೊನೆಗೆ ಮೂಲೆ ಸೇರಿದವು.

ಒಂದು ದಿನ ಒಬ್ಬ ವ್ಯಾಪಾರಿ ಬಂದ. ಅವನ ಕುದುರೆ ಹೊಟ್ಟೆನೋವಿನಿಂದ ಅಂಗಳದಲ್ಲೇ ಬಿದ್ದು ಹೊರಳಿತು. ವೈದ್ಯ ತನ್ನ ಜಾಣ ಶಿಷ್ಯನನ್ನು ಮುಂದೆ ಬಿಟ್ಟ. ಶಿಷ್ಯ ಕುದುರೆಯನ್ನು ಒಂದು ಸುತ್ತು ಬಂದ. ಮತ್ತೆ ಬಂದ.

"ಏನಪ್ಪಾ, ಪ್ರದಕ್ಷಿಣೆ ಹಾಕೋಕೆ ಇದೇನು ದೇವರೇ? ಏನು ಹುಡುಕ್ತಿದ್ದೀಯ?" ವ್ಯಾಪಾರಿ ರೇಗಿದ.

"ಮುಚ್ಚಳ," ಅಂದ ಶಿಷ್ಯ.

ಶಿವಲೀಲಾ ಜೋರಾಗಿ ನಕ್ಕಳು. ಮೇಷ್ಟ್ರು ನಗಲಿಲ್ಲ.

"ನೆರೆದವರೂ ಹೀಗೇ ನಕ್ಕರು. ವೈದ್ಯ ನಗಲಿಲ್ಲ," ಅಂದರು.

ಅವಳ ನಗು ಅಲ್ಲೇ ನಿಂತಿತು.

ಶಿಷ್ಯ ಬೆವತು ಹೋಗಿದ್ದ. ಒಳಗಿರುವುದೆಲ್ಲ ಅವನಿಗೆ ಗೊತ್ತಿತ್ತು. ಹೊರಗೆ ಕೈ ಎಲ್ಲಿಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವೈದ್ಯ ಅವನ ಕೈ ಹಿಡಿದು ಕುದುರೆಯ ಹೊಟ್ಟೆಯ ಮೇಲಿಟ್ಟ. ಅದರ ಮೇಲೆ ತನ್ನ ಕೈ ಇಟ್ಟ. "ಇಲ್ಲಿ, ಮಗಾ. ತಪ್ಪು ನಿನ್ನದಲ್ಲ," ಅಂದ. ಒಳಗೆ ಬಿಗಿದು ನಿಂತಿದ್ದ ಗಾಳಿ ಹುಡುಗನ ಅಂಗೈಗೆ ತಿಳಿಯಿತು. ಔಷಧಿ ಕುಡಿಸಿದರು. ಕುದುರೆ ಎದ್ದಿತು. ಎದ್ದದ್ದೇ ವ್ಯಾಪಾರಿಗೆ ಕೊಟ್ಟ ಒದೆಗೆ ಅವನು ಮುಂದಿನ ಊರಿನ ಸಂತೆಯಲ್ಲೇ ಹೋಗಿ ಬಿದ್ದ. ಪ್ರಯಾಣದ ಶ್ರಮ ಉಳಿಯಿತು.

ಮರುದಿನ ವೈದ್ಯ ಮೂಲೆಯ ಮುಚ್ಚಳಗಳನ್ನು ತಂದು ಹಾಕಿದ. ಮರದ ಕುದುರೆಗೆ ಮೇಲಿಂದ ತೊಗಲು ಹೊದಿಸಿದ. ಮೊದಲು ತೊಗಲ ಮೇಲೆ ಬೆರಳಿಟ್ಟು ಒಳಗೇನಿದೆ ಹೇಳಬೇಕು, ಆಮೇಲೆ ತೆರೆದು ನೋಡಬೇಕು, ನೋಡಿ ಮತ್ತೆ ಮುಚ್ಚಬೇಕು ಎಂದ. ತನ್ನ ಕೈಕೆಲಸವೆಲ್ಲ ಮುಚ್ಚಿಹೋಯಿತೆಂದು ಬಡಗಿ ಮಾತ್ರ ಮುನಿಸಿಕೊಂಡ.

"ಆ ಶಿಷ್ಯ ಏನಾದ ಸರ್? ಬಿಟ್ಟು ಹೋದನಾ?" ಶಿವಲೀಲಾಳ ದನಿ ಇಳಿದಿತ್ತು.

"ಬಿಟ್ಟು ಹೋಗೋಕೆ ವೈದ್ಯ ಕೈ ಬಿಟ್ಟಿದ್ದರೆ ತಾನೆ? ಮುಂದೆ ಅವನೇ ದೊಡ್ಡ ವೈದ್ಯನಾದ. ಕಾಯಿಲೆ ಬಿದ್ದ ಕುದುರೆಗಳು ಮಾಲೀಕರನ್ನ ಮನೆಯಲ್ಲೇ ಬಿಟ್ಟು, ದಾರಿ ಕೇಳಿಕೊಂಡು ತಾವೇ ಬರ್ತಿದ್ದವಂತೆ."

ಅವಳು ಟ್ಯಾಬ್ ನೋಡಿದಳು. ಚರ್ಮವಿಲ್ಲದ ತೋಳಿನಲ್ಲಿ ನಾಳ ನೀಲಿಯಾಗಿ ಹೊಳೆಯುತ್ತಿತ್ತು.

"ಆದರೂ ಮೊದಲನೆಯದು ಎಷ್ಟು ಚೆಂದ ಇದೆ ಅಲ್ವಾ ಸರ್? ಎಲ್ಲಾ ಎಷ್ಟು ಸ್ಪಷ್ಟ!"

"ಚೆಂದವೇ," ಅಂದರು ಮೇಷ್ಟ್ರು. "ಆ ಅಜ್ಜಿಯ ತೋಳಿಗೆ ಮುಚ್ಚಳ ಎಲ್ಲಿತ್ತಮ್ಮಾ?"